ಲೆಕ್ಕ ಬರ್ತಾವು, ಇಂಗ್ಲಿಷ್ ಕೈ ಕೊಡ್ತೈತಿ!

ಸಂಜೆ ಆರೂವರೆ. ಧಾರವಾಡದ ಸಪ್ತಾಪುರದಲ್ಲಿ ಚಹಾ ಅಂಗಡಿಯ ಕಟ್ಟೆ ತುಂಬಿದೆ. ಕೈಯಲ್ಲಿ ಅರ್ಧ ಕಪ್ ಚಹಾ, ಬಗಲಲ್ಲಿ ಮಡಚಿದ ಪ್ರಶ್ನೆಪತ್ರಿಕೆ. ಇಲ್ಲಿ ಕ್ರಿಕೆಟ್ ಮಾತಿಲ್ಲ, ಸಿನಿಮಾ ಮಾತೂ ಇಲ್ಲ.

“ಎಷ್ಟ್ ಬಿಡಿಸಿದ್ಯೋ?”

“ಎಂಬತ್ತೆರಡ.”

“ಸರಿ ಎಷ್ಟ್?”

“ನಲವತ್ತೆಂಟ.”

ಪಕ್ಕದಲ್ಲಿ ಕೂತವನು ಬಿಡಿಸಿದ್ದು ಅರವತ್ತೇ. ಆದರೆ ಸರಿಯಾದದ್ದು 51. ನೂರರ ಅಭ್ಯಾಸ ಪರೀಕ್ಷೆಯಲ್ಲಿ ಒಂದು ತಪ್ಪಿಗೆ ಕಾಲು ಅಂಕ ಕಡಿತ. 82 ಬಿಡಿಸಿದವನಿಗೆ 34 ತಪ್ಪಿಗೆ ಎಂಟೂವರೆ ಅಂಕ ಹೋಗಿ ಉಳಿದದ್ದು 39.5. ಅರವತ್ತಕ್ಕೇ ಕೈ ಎತ್ತಿದವನಿಗೆ ಸಿಕ್ಕಿದ್ದು 48.75. ಹೆಚ್ಚು ದುಡಿದವನಿಗೆ ಕಡಿಮೆ ಕೂಲಿ! ಎಲ್ಲಿ ಎಡವಟ್ಟಾಯಿತು?

“ಲೆಕ್ಕ ಬರ್ತಾವ ದೋಸ್ತ, ಇಂಗ್ಲಿಷ್ ಕೈ ಕೊಡ್ತೈತಿ,” ಎನ್ನುತ್ತಾನೆ ಮೊದಲನೆಯವ. ಸಪ್ತಾಪುರದಲ್ಲಿ ದಿನಾ ಕಿವಿಗೆ ಬೀಳುವ ಮಾತು ಇದು. ಆದರೆ ಇದು ಅರ್ಧ ಸತ್ಯ ಮಾತ್ರ.

ಬುತ್ತಿ ಗಂಟಿನ ಓದು

ಕಟ್ಟೆಯ ಮೇಲೆ ಕೂತವರೆಲ್ಲ ಧಾರವಾಡದವರಲ್ಲ. ಸವದತ್ತಿ, ರಾಮದುರ್ಗ, ರೋಣ, ಕುಷ್ಟಗಿ, ಮುದ್ದೇಬಿಹಾಳ ಅಂತ ಎಲ್ಲೆಲ್ಲಿಂದಲೋ ಬಂದು, ನಾಲ್ವರು ಸೇರಿ ಒಂದು ಖೋಲಿ ಹಿಡಿದು, ಊರಿನಿಂದ ಬಸ್ಸಿನಲ್ಲಿ ಬರುವ ಬುತ್ತಿ ಬಿಚ್ಚಿ ಉಂಡು ಓದುವವರು. “ಈ ವರ್ಷ ಆದ್ರ ಆತು, ಇಲ್ಲಾಂದ್ರ ಹೊಲಕ್ಕ ಬಾ” ಎಂದು ಅಪ್ಪ ಹೇಳಿ ಕಳಿಸಿರುತ್ತಾನೆ. ಬ್ಯಾಂಕ್ ಗುಮಾಸ್ತೆ ಕೆಲಸಕ್ಕೆ ಸಾಮಾನ್ಯ ವರ್ಗದವರ ವಯಸ್ಸಿನ ಮಿತಿ 28. ಹಿಂದುಳಿದವರಿಗೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ ಉಂಟು. ಈ ಕೆಲಸಕ್ಕೆ ‘ಕಸ್ಟಮರ್ ಸರ್ವಿಸ್ ಅಸೋಸಿಯೇಟ್’ ಎಂಬ ಹೊಸ ಹೆಸರೂ ಬಂತು. ಹೆಸರು ಬದಲಾದರೂ ವಯಸ್ಸು ನಿಲ್ಲುವುದಿಲ್ಲ. ಒಂದು ವರ್ಷ ತಪ್ಪಿದರೆ ತಪ್ಪಿದ್ದೇ.

ಈ ಕೆಲಸದ ಮೊದಲ ಬಾಗಿಲು ಐಬಿಪಿಎಸ್ ನಡೆಸುವ ಪೂರ್ವಭಾವಿ ಪರೀಕ್ಷೆ. 2025ರ ನಮೂನೆಯಂತೆ 100 ಪ್ರಶ್ನೆ, 60 ನಿಮಿಷ. ಇಂಗ್ಲಿಷ್ 30, ಅಂಕಗಣಿತ 35, ತರ್ಕ 35. ಪ್ರತಿ ಭಾಗಕ್ಕೂ 20 ನಿಮಿಷ. ಒಂದರಲ್ಲಿ ಉಳಿದ ಸಮಯ ಇನ್ನೊಂದಕ್ಕೆ ಸಾಲ ಸಿಗುವುದಿಲ್ಲ. ಇಂಗ್ಲಿಷಿನ ಒಂದು ಪ್ರಶ್ನೆಗೆ 40 ಸೆಕೆಂಡು, ಲೆಕ್ಕಕ್ಕೆ ಸುಮಾರು 34 ಸೆಕೆಂಡು. ಒಂದು ಚಹಾ ಸೋಸುವಷ್ಟು ಹೊತ್ತು!

2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಹಣಕಾಸು ಇಲಾಖೆ, ಸರ್ಕಾರಿ ಬ್ಯಾಂಕುಗಳ ಗುಮಾಸ್ತೆ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕೆಂದು ಹೇಳಿತು. ಕನ್ನಡವೂ ಅದರಲ್ಲಿ ಸೇರಿತು. ಸಂತೋಷದ ಸುದ್ದಿಯೇ. ಆದರೆ ಇಂಗ್ಲಿಷ್ ಭಾಗ ಇಂಗ್ಲಿಷಿನಲ್ಲೇ ಉಳಿಯಿತು. ನೂರರಲ್ಲಿ 30 ಅಂಕ ಅಲ್ಲಿಯೇ ಇವೆ. ಅದಕ್ಕೇ ಹುಡುಗರು ಇಂಗ್ಲಿಷನ್ನು ದೆವ್ವದಂತೆ ನೋಡುತ್ತಾರೆ.

ದೆವ್ವ ಅಲ್ಲ, ಬರೀ ಅಭ್ಯಾಸ

ದೆವ್ವದ ಕಾಲು ಎಲ್ಲಿದೆ ನೋಡೋಣ. ‘ಒನ್ ಆಫ್ ದಿ ಬಾಯ್ಸ್ ಆರ್ ಮಿಸ್ಸಿಂಗ್’ — ಇದರಲ್ಲಿ ತಪ್ಪು ಯಾವುದು? ಕನ್ನಡ ಶಾಲೆಯ ಹುಡುಗ ಎರಡು ಸಲ ಓದಿ ‘ತಪ್ಪಿಲ್ಲ’ ಎಂದು ಗುರುತು ಹಾಕುತ್ತಾನೆ. ಯಾಕೆ? ಕನ್ನಡದಲ್ಲಿ ‘ಹುಡುಗರಲ್ಲಿ ಒಬ್ಬ ಕಾಣೆಯಾಗಿದ್ದಾನೆ’ ಎನ್ನುವಾಗ ‘ಒಬ್ಬ’ನ ಮಗ್ಗುಲಿಗೇ ಕ್ರಿಯಾಪದ ಬರುತ್ತದೆ. ತಪ್ಪಲು ಜಾಗವೇ ಇಲ್ಲ. ಇಂಗ್ಲಿಷಿನಲ್ಲಿ ‘ಬಾಯ್ಸ್’ ನಡುವೆ ತೂರಿಕೊಂಡು ಕಿವಿಗೆ ಬಹುವಚನ ಊದುತ್ತದೆ. ಕಾಣೆಯಾದವನು ಒಬ್ಬನೇ, ಆದ್ದರಿಂದ ‘ಈಸ್’.

‘ಡಿಸ್ಕಸ್ ಅಬೌಟ್’ ಎಂಬ ತಪ್ಪೂ ಹಾಗೆಯೇ. ‘ಬಗ್ಗೆ ಚರ್ಚಿಸಿ’ ಎಂದು ಮನಸ್ಸು ಕನ್ನಡದಲ್ಲಿ ಹೇಳಿಕೊಳ್ಳುತ್ತದೆ, ಕೈ ‘ಅಬೌಟ್’ ಸೇರಿಸುತ್ತದೆ. ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬೇಡವೇ ಬೇಡ.

ಕನ್ನಡ ಎಲ್ಲ ಕಡೆ ಅಡ್ಡಗಾಲೇನೂ ಅಲ್ಲ. ಕೆಲವು ಕಡೆ ಊರುಗೋಲೂ ಆಗುತ್ತದೆ. ‘ಎ’ ಬರಬೇಕೋ ‘ಆ್ಯನ್’ ಬರಬೇಕೋ ಎಂಬ ಗೊಂದಲ ಬಂದಾಗ ಮುಂದಿನ ಶಬ್ದವನ್ನು ಮನಸ್ಸಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಸಾಕು. ‘ಯೂನಿವರ್ಸಿಟಿ’ ಶುರುವಾಗುವುದು ‘ಯ’ದಿಂದ, ವ್ಯಂಜನ, ಆದ್ದರಿಂದ ‘ಎ’. ಗಂಟೆ ಎಂಬರ್ಥದ ‘ಅವರ್’ ಶುರುವಾಗುವುದು ‘ಅ’ದಿಂದ, ಸ್ವರ, ಆದ್ದರಿಂದ ‘ಆ್ಯನ್’. ಇಂಗ್ಲಿಷ್ ಕಾಗುಣಿತದಲ್ಲಿ ಮೊದಲ ಅಕ್ಷರ ಏನೇ ಇರಲಿ, ಉಚ್ಚಾರವೇ ಲೆಕ್ಕ. ಮೂರನೇ ಇಯತ್ತೆಯ ಸ್ವರ-ವ್ಯಂಜನ ಇಲ್ಲಿ ಅನ್ನ ಕೊಡುತ್ತದೆ.

ಲೆಕ್ಕ ನಿಜಕ್ಕೂ ಬರುತ್ತದೆಯೇ?

ಇನ್ನು ‘ಲೆಕ್ಕ ಬರ್ತಾವ’ ಎಂಬ ಅರ್ಧ ಸತ್ಯಕ್ಕೆ ಬರೋಣ. 150 ಮೀಟರ್ ಉದ್ದದ ರೈಲು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಒಂದು ಕಂಬ ದಾಟಲು ಎಷ್ಟು ಹೊತ್ತು? 54ನ್ನು 5ರಿಂದ ಗುಣಿಸಿ 18ರಿಂದ ಭಾಗಿಸಿದರೆ ಸೆಕೆಂಡಿಗೆ 15 ಮೀಟರ್. ಉತ್ತರ 10 ಸೆಕೆಂಡು. ಇದನ್ನು ಖೋಲಿಯ ಗೋಡೆಗೆ ಒರಗಿ ಕೂತು ಯಾರೂ ಮಾಡುತ್ತಾರೆ. ಯಾಕೆಂದರೆ ಪುಸ್ತಕದ ಪುಟದ ಮೇಲೆ ‘ರೈಲುಗಳು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ! ಒಂದೇ ನಮೂನೆಯ 40 ಲೆಕ್ಕ ಸಾಲಾಗಿ ಇವೆ. ಮೂರನೆಯದಕ್ಕೇ ಕೈ ತಾನಾಗಿ ಓಡುತ್ತದೆ. ‘ರೈಲು ಮುಗೀತು’ ಎಂದು ಹುಡುಗ ಪುಟ ಮಡಚುತ್ತಾನೆ.

ಪರೀಕ್ಷೆಯಲ್ಲಿ ಅಧ್ಯಾಯದ ಹೆಸರು ಯಾರೂ ಹೇಳುವುದಿಲ್ಲ. ಬಡ್ಡಿ ಲೆಕ್ಕದ ಹಿಂದೆ ರೈಲು, ರೈಲಿನ ಹಿಂದೆ ಅಪ್ಪ-ಮಗನ ವಯಸ್ಸು. ಅದೇ ರೈಲು ಈಗ ಕಂಬ ಬಿಟ್ಟು 300 ಮೀಟರಿನ ಪ್ಲಾಟ್‌ಫಾರ್ಮ್ ದಾಟುತ್ತದೆ. ಗಡಿಬಿಡಿಯಲ್ಲಿ 300ನ್ನು 15ರಿಂದ ಭಾಗಿಸಿದರೆ 20 ಸೆಕೆಂಡು. ಆ 20 ಎಂಬ ಉತ್ತರ ಆಯ್ಕೆಗಳ ಸಾಲಿನಲ್ಲಿ ಸಾಮಾನ್ಯವಾಗಿ ಕಾದು ಕೂತಿರುತ್ತದೆ! ರೈಲಿನ ಉದ್ದವನ್ನೂ ಕೂಡಿಸಿದರೆ 450 ಮೀಟರ್. ಸರಿ ಉತ್ತರ 30 ಸೆಕೆಂಡು.

ಶೇಕಡಾ ಲೆಕ್ಕವೂ ಹೀಗೇ ಕಾಲೆಳೆಯುತ್ತದೆ. ನೂರು ರೂಪಾಯಿಯ ಮಾಲಿಗೆ ಶೇ. 20 ಏರಿಸಿ, ಮತ್ತೆ ಶೇ. 20 ಇಳಿಸಿದರೆ ಬೆಲೆ ಮೊದಲಿನಷ್ಟೇ ಆಗುವುದಿಲ್ಲ. 100 ಹೋಗಿ 120, 120 ಹೋಗಿ 96. ನಾಲ್ಕು ರೂಪಾಯಿ ಲುಕ್ಸಾನು. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಹಾಕಿ ಬಂದ ಅಪ್ಪನಿಗೆ ಇದು ಬಾಯಿಲೆಕ್ಕ. ಪರೀಕ್ಷೆಗೆ ಕೂತ ಮಗ ‘ಬದಲಾವಣೆ ಇಲ್ಲ’ ಎಂದು ಗುರುತು ಹಾಕಿ ಬರುತ್ತಾನೆ!

ಅಂದರೆ ಹುಡುಗನಿಗೆ ಸೂತ್ರ ಗೊತ್ತು, ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂದು ಆರಿಸುವುದು ಗೊತ್ತಿಲ್ಲ. ಪುಸ್ತಕ ಆ ಕೆಲಸವನ್ನು ತಾನೇ ಮಾಡಿಕೊಟ್ಟು ಅವನನ್ನು ಸೋಮಾರಿ ಮಾಡಿತು.

ಕಲಸಿದ ಅಭ್ಯಾಸದ ಗುಟ್ಟು

ಇದು ಬರೀ ಕಟ್ಟೆಯ ಮಾತಲ್ಲ. ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಇಬ್ಬರು ಸಂಶೋಧಕರು 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ. ಒಂದು ಗುಂಪಿಗೆ ಒಂದೊಂದು ಬಗೆಯನ್ನು ಒಟ್ಟೊಟ್ಟಿಗೆ ಕೊಟ್ಟರು, ಇನ್ನೊಂದು ಗುಂಪಿಗೆ ಎಲ್ಲವನ್ನೂ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಒಟ್ಟೊಟ್ಟಿಗೆ ಮಾಡಿದವರು ಶೇ. 89 ಸರಿ, ಕಲಸಿ ಮಾಡಿದವರು ಶೇ. 60. ವಾರ ಬಿಟ್ಟು ಪರೀಕ್ಷೆ ಇಟ್ಟಾಗ ತಕ್ಕಡಿ ತಿರುಗಿತು: ಮೊದಲಿನವರು ಶೇ. 20, ಕಲಸಿ ಮಾಡಿದವರು ಶೇ. 63!

ಖೋಲಿಯಲ್ಲಿ ಸುಲಭವಾಗಿ ಬಂದದ್ದು ಪರೀಕ್ಷೆಯಲ್ಲಿ ಕೈ ಬಿಡುತ್ತದೆ. ಖೋಲಿಯಲ್ಲಿ ಬೆವರಿಳಿಸಿದ್ದು ಕೈ ಹಿಡಿಯುತ್ತದೆ. ಆದ್ದರಿಂದ ಹೊಸ ಪಾಠವನ್ನು ಮೊದಲು ಅಧ್ಯಾಯವಾಗಿಯೇ ಕಲಿಯಬೇಕು. ತಿಳಿದ ಮೇಲೆ ದಿನಕ್ಕೊಂದು ಇಪ್ಪತ್ತು ಪ್ರಶ್ನೆಯ ಚೀಟಿ ಮಾಡಿಕೊಳ್ಳಬೇಕು. ಏಳು ಲೆಕ್ಕ, ಏಳು ಇಂಗ್ಲಿಷ್, ಆರು ತರ್ಕ, ಎಲ್ಲ ಹಿಂದುಮುಂದು. ಖೋಲಿಯ ನಾಲ್ವರೂ ಐದೈದು ಪ್ರಶ್ನೆ ಬರೆದು ತಂದರೆ ಚೀಟಿ ತಯಾರು. ಖರ್ಚು ಒಂದು ಹಾಳೆ. ಗಡಿಯಾರ ಇಟ್ಟು ಹನ್ನೆರಡು ನಿಮಿಷ. ಆಮೇಲೆ ಅದರ ದುಪ್ಪಟ್ಟು ಹೊತ್ತು ತಪ್ಪುಗಳ ಪಂಚನಾಮೆ: ಗೊತ್ತಿಲ್ಲದೆ ತಪ್ಪಿದ್ದು, ಗೊತ್ತಿದ್ದೂ ತಪ್ಪು ಓದಿದ್ದು, ಹೊತ್ತು ಸಾಲದೆ ಬಿಟ್ಟದ್ದು. ಈ ಮೂರು ಕಾಲಂ ತುಂಬಿದರೆ ರೋಗ ತಾನೇ ಗೊತ್ತಾಗುತ್ತದೆ. ತಪ್ಪು ಓದಿದ್ದಕ್ಕೆ ಇನ್ನೂ ನೂರು ಸೂತ್ರ ಬಾಯಿಪಾಠ ಮಾಡಿದರೆ ಪ್ರಯೋಜನವೇನು?

ಎಸೆಯುವ ಕಲ್ಲಿಗೂ ಲೆಕ್ಕವಿದೆ

ಬ್ಯಾಂಕ್ ಪರೀಕ್ಷೆಯಲ್ಲಿ ಪ್ರಶ್ನೆಗೆ ಐದು ಆಯ್ಕೆ. 20 ಪ್ರಶ್ನೆಗೆ ಕಣ್ಣು ಮುಚ್ಚಿ ಕಲ್ಲೆಸೆದರೆ ಸರಾಸರಿ ನಾಲ್ಕು ಸರಿ, 16 ತಪ್ಪು. ಬಂದದ್ದು ನಾಲ್ಕು, ಹೋದದ್ದು ನಾಲ್ಕು. ಸೊನ್ನೆ! ಸೊನ್ನೆಗಾಗಿ ಹೊತ್ತು ಹಾಳು. ಆದರೆ ಎರಡು ಆಯ್ಕೆ ಖಂಡಿತ ಅಲ್ಲ ಎಂದು ಗೊತ್ತಾಗಿ ಮೂರರಲ್ಲಿ ಒಂದು ಆರಿಸಿದರೆ ಮಾತು ಬೇರೆ. ಅಂಥ 12 ಪ್ರಶ್ನೆಯಲ್ಲಿ ಸರಾಸರಿ ನಾಲ್ಕು ಸರಿ, ಎಂಟು ತಪ್ಪು. ನಾಲ್ಕರಲ್ಲಿ ಎರಡು ಕಳೆದು ಎರಡು ಅಂಕ ಗಿಟ್ಟುತ್ತದೆ. 82 ಬಿಡಿಸಿದವನು ಎಡವಿದ್ದು ಇಲ್ಲಿ. ಬಿಡುವ ಧೈರ್ಯವೂ ಅಭ್ಯಾಸದಿಂದಲೇ ಬರಬೇಕು.

ಇಂಗ್ಲಿಷ್ ಇಲ್ಲದ ಬಾಗಿಲೂ ಒಂದಿದೆ. ಗ್ರಾಮೀಣ ಬ್ಯಾಂಕಿನ ಕಚೇರಿ ಸಹಾಯಕರ ಪೂರ್ವಭಾವಿ ಪರೀಕ್ಷೆಯಲ್ಲಿ ತರ್ಕ 40, ಲೆಕ್ಕ 40, ಎರಡಕ್ಕೂ ಸೇರಿ 45 ನಿಮಿಷ; ಕನ್ನಡದಲ್ಲೇ ಬರೆಯಬಹುದು. ಧಾರವಾಡದಲ್ಲೇ ಕೇಂದ್ರ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿಯ ಬ್ಯಾಂಕಿನೊಂದಿಗೆ ಒಂದಾಯಿತು. ಕಚೇರಿ ಹೋಯಿತು, ಪರೀಕ್ಷೆ ಉಳಿದಿದೆ. ಆದರೆ ಇಂಗ್ಲಿಷಿಗೆ ಹೆದರಿ ಈ ಒಂದೇ ಬಾಗಿಲಲ್ಲಿ ಎಲ್ಲರೂ ನುಗ್ಗಿದರೆ ದಾರಿ ಇಕ್ಕಟ್ಟಾಗುವುದು ಸಹಜ.

ತಾಲೂಕಿನ ಪದವಿ ಕಾಲೇಜುಗಳಲ್ಲಿ ವಾರಕ್ಕೊಂದು ತಾಸು ಇಂಥ ಕಲಸಿದ ಚೀಟಿ ಮಾಡಿಸಿದರೆ ಸರ್ಕಾರದ ಬೊಕ್ಕಸವೇನೂ ಬರಿದಾಗದು. ಇಂಗ್ಲಿಷ್ ಮೇಷ್ಟ್ರು, ಗಣಿತದ ಮೇಷ್ಟ್ರು ಒಂದೇ ಕೋಣೆಯಲ್ಲಿ ಒಂದು ತಾಸು ಕೂತರೆ ಆಯಿತು. ಪದವಿ ಮುಗಿಸಿ, ಊರು ಬಿಟ್ಟು, ಖೋಲಿ ಬಾಡಿಗೆ ಕೊಟ್ಟು, 25 ದಾಟಿದ ಮೇಲೆ ‘ಒನ್ ಆಫ್ ದಿ ಬಾಯ್ಸ್’ ಕಲಿಯುವ ಪಾಡು ಬಡವರ ಮಕ್ಕಳಿಗೆ ಯಾಕೆ?

ಸಪ್ತಾಪುರದಲ್ಲಿ ಕತ್ತಲಾಯಿತು. 82ರ ಹುಡುಗ ಪ್ರಶ್ನೆಪತ್ರಿಕೆ ಬಿಡಿಸಿ, ತಪ್ಪಾದ 34ಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕತೊಡಗಿದ್ದಾನೆ. ಇಂಗ್ಲಿಷಿನವು 15, ಲೆಕ್ಕ ಮತ್ತು ತರ್ಕದವು 19.

“ಏ ದೋಸ್ತ, ಲೆಕ್ಕಾನ ಹೆಚ್ಚ್ ತಪ್ಪ್ಯಾವಲೋ!”

“ಮೊದ್ಲ ಅವನ್ನ ನೋಡು,” ಎನ್ನುತ್ತಾನೆ 60ರ ಹುಡುಗ. “ಕಾಕಾ, ಇನ್ನೆರಡ್ ಚಾ ಕೊಡ್ರಿ.”