ಹಗ್ಗದ ತುದಿಯಲ್ಲೊಂದು ವಿಮಾನ

ಹಲಸೂರನ್ನು ದಾಟಿ ದೊಮ್ಮಲೂರಿನ ಮಾರ್ಗವಾಗಿ ಪೂರ್ವಕ್ಕೆ ಸಾಗಿದರೆ ಎಚ್.ಎ.ಎಲ್. ಕಾರ್ಖಾನೆಯ ಆವರಣ ಸಿಗುತ್ತದೆ. ಇಂದಿರಾನಗರವೆಂಬ ಹೆಸರೇ ಹುಟ್ಟದಿದ್ದ ಕಾಲದಲ್ಲಿ, 1940ರ ಡಿಸೆಂಬರಿನಲ್ಲಿ, ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಇದನ್ನು ಸ್ಥಾಪಿಸಿದರು. ಮೊದಮೊದಲು ಅಲ್ಲಿ ಸಿದ್ಧವಾದವು ಅಮೆರಿಕದ ನಕ್ಷೆಯ ವಿಮಾನಗಳು. ಆದರೆ ಕಾರ್ಖಾನೆಯವರು ತಾವೇ ನಕ್ಷೆ ಬರೆದು ಕಟ್ಟಿದ ಮೊತ್ತಮೊದಲ ವಿಮಾನಕ್ಕೆ ಎಂಜಿನ್ನೇ ಇರಲಿಲ್ಲ! ಅದು ಹತ್ತು ಆಸನಗಳ ಜಿ-1 ಎಂಬ ಗ್ಲೈಡರು. 1941ರಲ್ಲಿ ಅದರ ಕೆಲಸ ಆರಂಭವಾಯಿತು, ಕಟ್ಟಿದ್ದು ಒಂದನ್ನೇ. ಜರ್ಮನಿಯ ಗಟಿಂಗೆನ್ನಿನಲ್ಲಿ ಪ್ರಾಂಡ್ಟ್‌ಲರ ಶಿಷ್ಯರಾಗಿದ್ದ ಡಾ. ವಿ. ಎಂ. ಘಾಟಗೆಯವರು ಅದರ ವಿನ್ಯಾಸಕಾರರು. ಮುಂದೆ 1951ರಲ್ಲಿ ಹಾರಿದ ಎಚ್.ಟಿ.-2 ವಿಮಾನವೂ ಅವರ ನೇತೃತ್ವದಲ್ಲಿಯೇ ರೂಪುಗೊಂಡಿತು.

ಯುದ್ಧಕಾಲದಲ್ಲಿ ಎಂಜಿನ್ನಿಲ್ಲದ ವಿಮಾನದ ಹಂಬಲವೇಕೆ ಎಂದು ವಾಚಕರು ಕೇಳಬಹುದು. 1940ರ ಮೇ 10ರ ಮುಂಜಾವಿನಲ್ಲಿ ಜರ್ಮನರು ಬೆಲ್ಜಿಯಂ ದೇಶದ ಎಬೆನ್-ಎಮಾಯೆಲ್ ಕೋಟೆಯ ನೆತ್ತಿಯ ಮೇಲೆ ಸದ್ದಿಲ್ಲದೆ ಗ್ಲೈಡರುಗಳನ್ನು ಇಳಿಸಿ ಜಗತ್ತನ್ನೇ ಬೆರಗುಗೊಳಿಸಿದ್ದರು. ಹೊರಟ ಹನ್ನೊಂದರಲ್ಲಿ ತಂಡದ ನಾಯಕನಿದ್ದ ಗ್ಲೈಡರಿನ ಹಗ್ಗವೇ ದಾರಿಯಲ್ಲಿ ಹರಿಯಿತು. ಚಾಲಕನು ಗಾಬರಿಗೊಳ್ಳದೆ ಹಿಂದಿರುಗಿ ಹೊಲವೊಂದರಲ್ಲಿ ಇಳಿಸಿದನು. ಬೇರೊಂದು ವಿಮಾನ ಬಂದು ಅದನ್ನು ಅಲ್ಲಿಂದಲೇ ಎಳೆದೊಯ್ದಿತು. ನಾಯಕನು ಅದೇ ಬೆಳಿಗ್ಗೆ, ತಡವಾಗಿಯಾದರೂ, ಕೋಟೆಯನ್ನು ಸೇರಿದನು.

ಹಗ್ಗ ಹರಿಯುವುದೇ ಆಪತ್ತಲ್ಲ. ಹರಿದಾಗ ಕೆಳಗೆ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 1944ರ ಮಾರ್ಚ್ 5ರ ರಾತ್ರಿ ಅಸ್ಸಾಮಿನ ಲಾಲಾಘಾಟಿನಿಂದ ಬರ್ಮಾದ ಕಾಡಿನೊಳಕ್ಕೆ ಹೊರಟ ಗ್ಲೈಡರುಗಳ ಕಥೆಯೇ ಇದಕ್ಕೆ ಸಾಕ್ಷಿ. ಒಂದೊಂದು ಡಕೋಟ ವಿಮಾನದ ಹಿಂದೆ ಎರಡೆರಡು ಗ್ಲೈಡರು. ಅವುಗಳೊಳಗೆ ಮಿತಿಮೀರಿದ ಭಾರ. ಕೆಳಗೆ ಬೆಟ್ಟದ ಸಾಲು. ಕತ್ತಲಿನಲ್ಲಿ ಓಲಾಡಿ ಜಗ್ಗಿ ಜಗ್ಗಿ ಹಲವು ಹಗ್ಗಗಳು ಹರಿದವು. ಕೆಲವು ಗ್ಲೈಡರುಗಳು ಭಾರತದ ನೆಲದಲ್ಲಿಯೇ ಇಳಿದರೆ, ಕೆಲವು ಶತ್ರುವಿನ ಮಡಿಲಲ್ಲಿ ಬಿದ್ದವು. ಹೊರಟ 67ರಲ್ಲಿ ಗುರಿ ಮುಟ್ಟಿದ್ದು ಅರ್ಧದಷ್ಟು ಮಾತ್ರ. ಆ ಬಳಿಕ ಎರಡನ್ನು ಒಟ್ಟಿಗೆ ಎಳೆಯುವ ಪದ್ಧತಿಯನ್ನು ಅಲ್ಲಿ ಕೈಬಿಟ್ಟರು. ನಮ್ಮ ಬೆಂಗಳೂರಿನ ಕಾರ್ಖಾನೆಯಾದರೋ 1943ರಿಂದಲೇ ಅಮೆರಿಕದ ಸೇನೆಯ ವಶದಲ್ಲಿದ್ದು, ಇದೇ ರಣರಂಗದ ವಿಮಾನಗಳ ದುರಸ್ತಿಯಲ್ಲಿ ತೊಡಗಿತ್ತು.

ಎಲ್ಲ ಅಪಘಾತಕ್ಕೂ ಹಗ್ಗವನ್ನೇ ದೂರುವುದು ನ್ಯಾಯವಲ್ಲ. 1943ರ ಆಗಸ್ಟ್ 1ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ, ಜನಸ್ತೋಮದ ಕಣ್ಣೆದುರಿಗೆ, ಗ್ಲೈಡರೊಂದು ಹಗ್ಗವನ್ನು ಕ್ರಮವಾಗಿಯೇ ಕಳಚಿಕೊಂಡಿತು. ಮರುಕ್ಷಣವೇ ರೆಕ್ಕೆ ಮುರಿದು ನಗರದ ಮೇಯರರೂ ಸೇರಿ ಹತ್ತು ಮಂದಿ ಮಡಿದರು. ರೆಕ್ಕೆಯ ಆಸರೆಯನ್ನು ಹಿಡಿದಿದ್ದ ಲೋಹದ ತುಂಡು ಇರಬೇಕಾದುದಕ್ಕಿಂತ ತೆಳ್ಳಗಿತ್ತು.

ಇಂದು ಗ್ಲೈಡಿಂಗ್ ಒಂದು ಕ್ರೀಡೆ. ನಮ್ಮ ದೇಶದ ಕೇಂದ್ರಗಳಲ್ಲಿ ನೆಲದ ಮೇಲಿನ ವಿಂಚ್ ಯಂತ್ರದಿಂದ ಎಳೆದು ಏರಿಸುವ ರೂಢಿಯೇ ಹೆಚ್ಚು. ವಿಮಾನದಿಂದ ಎಳೆಸಿದರೆ ಬೇಕಾದ ಎತ್ತರಕ್ಕೆ, ಬೇಕಾದ ಕಡೆಗೆ ಹೋಗಬಹುದು. ಆದರೆ ಅಲ್ಲಿ ಎರಡು ಜೀವಗಳು ಒಂದೇ ಹಗ್ಗಕ್ಕೆ ಕಟ್ಟುಬಿದ್ದಿರುತ್ತವೆ. ಹೆಚ್ಚಿನ ಅಪಾಯ ಹಿಂದಿನವನಿಗೆಂದು ಯಾರಿಗಾದರೂ ತೋರೀತು. ವಾಸ್ತವವಾಗಿ ಮುಂದಿನವನ ಸ್ಥಿತಿಯೇ ಭೀಕರ. ಗ್ಲೈಡರು ಗಾಳಿಪಟದಂತೆ ಥಟ್ಟನೆ ಮೇಲಕ್ಕೆ ಎದ್ದಿತೆನ್ನಿ. ಹಗ್ಗವು ಎಳೆಯುವ ವಿಮಾನದ ಬಾಲವನ್ನು ಮೇಲಕ್ಕೆತ್ತುತ್ತದೆ. ಏತದ ಒಂದು ತುದಿ ಏರಿದರೆ ಇನ್ನೊಂದು ಇಳಿಯುವಂತೆ, ಅದರ ಮೂತಿ ನೆಲದತ್ತ ಬಾಗುತ್ತದೆ. ಎರಡು ಮೂರು ಸೆಕೆಂಡುಗಳಲ್ಲಿ ಎಲ್ಲವೂ ಮುಗಿದುಹೋಗಬಹುದು. ಎತ್ತರ ಕಡಮೆಯಿದ್ದರೆ ಚೇತರಿಸಿಕೊಳ್ಳಲು ಅವಕಾಶವೇ ಇಲ್ಲ. ಬ್ರಿಟನ್ನಿನಲ್ಲಿ ಸಾಕಷ್ಟು ಎತ್ತರದಲ್ಲಿ ಇದನ್ನು ಬೇಕೆಂದೇ ಮಾಡಿ ನೋಡಿದವರಿದ್ದಾರೆ. ಆಗ ಕಂಡದ್ದು ಮತ್ತೊಂದು ಕೇಡು: ಹಗ್ಗ ಬಿಗಿಯಾಗಿ ಮೇಲಕ್ಕೆ ಜಗ್ಗುತ್ತಿರುವಾಗ ಕೆಲವು ಬಗೆಯ ಕೊಕ್ಕೆಗಳು ಕಳಚಿಕೊಳ್ಳುವುದೇ ಇಲ್ಲ. ಗ್ಲೈಡರಿನ ಕೊಕ್ಕೆ ಮೂತಿಯಲ್ಲಿರದೆ ಹೊಟ್ಟೆಯ ಕೆಳಗಿದ್ದರೆ, ಹಗ್ಗ ಗಿಡ್ಡವಾಗಿದ್ದರೆ, ಅಪಾಯ ಇನ್ನೂ ಹೆಚ್ಚು.

ಆದುದರಿಂದ ಹಗ್ಗದಲ್ಲಿ ಉದ್ದೇಶಪೂರ್ವಕವಾಗಿಯೇ ಒಂದು ದುರ್ಬಲ ಕೊಂಡಿಯನ್ನು ಇಡುತ್ತಾರೆ. ಅಮೆರಿಕದ ನಿಯಮದಂತೆ ಗ್ಲೈಡರಿನ ಗರಿಷ್ಠ ತೂಕದ ಶೇಕಡಾ 80ಕ್ಕಿಂತ ಕಡಮೆಯಲ್ಲದ, 200ಕ್ಕೆ ಮೀರದ ಎಳೆತಕ್ಕೆ ಅದು ತುಂಡಾಗತಕ್ಕದ್ದು. ಗಟ್ಟಿ ಹಗ್ಗವನ್ನು ಮೆಚ್ಚುವ ನಮಗೆ ಇದು ವಿಚಿತ್ರವೆನಿಸಿದರೂ ಸರಿಯೇ.

ಮಾತಿಗೆ ಬದಲು ಸಂಜ್ಞೆಗಳೂ ಉಂಟು. ಮುಂದಿನ ವಿಮಾನ ರೆಕ್ಕೆಗಳನ್ನು ಓಲಾಡಿಸಿದರೆ ‘ಒಡನೆಯೇ ಹಗ್ಗ ಬಿಡು’ ಎಂದರ್ಥ. ಬಾಲದ ಚುಕ್ಕಾಣಿಯನ್ನು ಅಲ್ಲಾಡಿಸಿದರೆ ‘ನಿನ್ನ ಏರ್‌ಬ್ರೇಕ್ ತೆರೆದುಕೊಂಡಿದೆ, ನೋಡು’ ಎಂದರ್ಥ. ಎರಡನೆಯದನ್ನು ಮೊದಲನೆಯದೆಂದು ಭ್ರಮಿಸಿ, ಏರ್‌ಬ್ರೇಕ್ ಮುಚ್ಚದೆ ಹಗ್ಗ ಬಿಟ್ಟು ನೆಲಕ್ಕಪ್ಪಳಿಸಿದವರಿದ್ದಾರೆ.

ಹಗ್ಗ ಬಿಡುವ ಹಿಡಿಗೆ ಹಳದಿ ಬಣ್ಣ. ನೆಲ ಬಿಟ್ಟೇಳುವ ಹೊತ್ತಿನಲ್ಲಿ ಚಾಲಕನ ಎಡಗೈ ಅದರ ಬಳಿಯೇ ಇರಬೇಕು. ಹಗ್ಗ ಈಗ ಹರಿದರೆ ಎಲ್ಲಿ ಇಳಿಯುವೆನೆಂಬುದನ್ನು ಅವನು ಹೊರಡುವ ಮೊದಲೇ ನಿಶ್ಚಯಿಸಿರಬೇಕು. ಸುಮಾರು 200 ಅಡಿಗಿಂತ ಕೆಳಗಿದ್ದರೆ ಹಿಂದಿರುಗುವ ಆಸೆಯನ್ನು ಬಿಟ್ಟು ನೇರ ಮುಂದೆಯೇ ಇಳಿಯತಕ್ಕದ್ದು. ಜಿ-1ರ ಕಾಲದಲ್ಲಿ ದೊಮ್ಮಲೂರು, ಮಾರತ್ತಹಳ್ಳಿಗಳ ಸುತ್ತ ಹೊಲಗಳೂ ಕೆರೆಗಳೂ ಇದ್ದವು. ಇಂದು ಅಲ್ಲಿ ಅಂಥ ಬಯಲು ಎಲ್ಲಿದೆ? ಶಿಕ್ಷಣದ ನಡುವೆ ಗುರುವು ಒಮ್ಮೊಮ್ಮೆ, ಸುರಕ್ಷಿತವಾದ ಎತ್ತರ ನೋಡಿಕೊಂಡು, ಮುನ್ಸೂಚನೆಯಿಲ್ಲದೆ ಆ ಹಳದಿ ಹಿಡಿಯನ್ನು ಎಳೆದುಬಿಡುವುದುಂಟು. ಶಿಷ್ಯನು ಮೂತಿಯನ್ನು ತಗ್ಗಿಸಿ ವೇಗ ಉಳಿಸಿಕೊಳ್ಳುವನೋ, ಹರಿದ ಹಗ್ಗವನ್ನು ನೋಡುತ್ತ ಕೂರುವನೋ ಎಂಬುದು ಆಗ ತಿಳಿಯುತ್ತದೆ.