ದೊರೆಗಳು ಬಿಟ್ಟುಹೋದ ಊರು, ಜನ ಬಿಡದ ಊರು

ಕೋಟೆ, ದರ್ಗಾ, ದಾಸೋಹ, ತೊಗರಿ, ಕೆಂಪು ಬಾಳೆ: ಬಿಸಿಲ ನಾಡಿನ ಕಲಬುರಗಿ ಮತ್ತು ಅದರ ನೆರೆಯ ಕಮಲಾಪುರದಲ್ಲೊಂದು ಸುತ್ತು

ರಾಜಧಾನಿಯ ಪಟ್ಟ ಹೋದ ಮೇಲೆ ಊರು ಏನಾಗುತ್ತದೆ ಎಂದು ತಿಳಿಯಲು ಮಳಖೇಡಕ್ಕೆ ಹೋಗಬೇಕು. ರಾಷ್ಟ್ರಕೂಟರ ಮಾನ್ಯಖೇಟ ಇಂದು ಕಾಗಿಣಾ ದಂಡೆಯ ಒಂದು ಹಳ್ಳಿ. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಕಲಬುರಗಿಯ ಕಥೆಯೇ ಬೇರೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ಇಲ್ಲಿ ಬಹಮನಿ ರಾಜ್ಯ ಕಟ್ಟಿದ. ಸುಮಾರು ಎಂಟು ದಶಕ ಕಳೆದ ಮೇಲೆ ಒಂದನೇ ಅಹ್ಮದ್ ಶಾಹ ರಾಜಧಾನಿಯನ್ನೇ ಬೀದರಿಗೆ ಒಯ್ದ. ಊರು ಮಾತ್ರ ಕರಗಲಿಲ್ಲ. 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ ಐದು ಲಕ್ಷ ದಾಟಿತ್ತು.

ಸೂರಿರುವ ಮಸೀದಿ

ದೊರೆಗಳು ಬಿಟ್ಟುಹೋದದ್ದರಲ್ಲಿ ಮೊದಲು ನೋಡಬೇಕಾದದ್ದು ಕೋಟೆಯೊಳಗಿನ ಜಾಮಿಯಾ ಮಸೀದಿ. ಇರಾನಿನ ಕಜ್ವೀನ್ ಮೂಲದ ರಫಿ 1367ರಲ್ಲಿ ಕಟ್ಟಿದ್ದೆಂದು ಅಲ್ಲಿನ ಶಾಸನ ಹೇಳುತ್ತದೆ. ದೊಡ್ಡ ಮಸೀದಿಗಳಿಗೆ ಸಾಮಾನ್ಯವಾಗಿ ಬಯಲು ಅಂಗಳವಿರುತ್ತದೆ, ಇಲ್ಲಿ ಅದಿಲ್ಲ. ಇಡೀ ಕಟ್ಟಡಕ್ಕೆ ಸೂರು, ಸಾಲುಸಾಲು ಕಮಾನು, ಬದಿಗಳಿಂದ ಬರುವ ಬೆಳಕು. ಏಪ್ರಿಲ್ ಬಿಸಿಲಿನಲ್ಲಿ ಒಳಗೆ ಕಾಲಿಟ್ಟವರು ಆ ಮೇಸ್ತ್ರಿಗೆ ಮನಸ್ಸಿನಲ್ಲೇ ಶರಣು ಎನ್ನುತ್ತಾರೆ. ಕೋಟೆಯ ಮೇಲಿರುವ ಬಾರಾ ಗಜಿ ತೋಪು 29 ಅಡಿ ಉದ್ದ. ಊರಿನ ಇನ್ನೊಂದು ಮಗ್ಗುಲಿಗೆ ಬಹಮನಿ ಸುಲ್ತಾನರ ಗೋರಿಗಳ ಹಫ್ತ್ ಗುಂಬಜ್.

ಕರೆಯುವ ಬಾಗಿಲುಗಳು

ಜನ ಬರುವುದು ಮಾತ್ರ ಸುಲ್ತಾನರಿಗಾಗಿ ಅಲ್ಲ. ಸೂಫಿ ಸಂತ ಖ್ವಾಜಾ ಬಂದಾ ನವಾಜರು ಮುಪ್ಪಿನಲ್ಲಿ ಇಲ್ಲಿಗೆ ಬಂದು, 1422ರಲ್ಲಿ ಇಲ್ಲೇ ತೀರಿಕೊಂಡರು. ಅರಮನೆ ಬೀದರಿಗೆ ಹೋಯಿತು, ದರ್ಗಾ ಉಳಿಯಿತು. ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಸೇರುತ್ತಾರೆ. ಮುಂದೆ ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಗುಡಿ ಊರಿನ ಇನ್ನೊಂದು ಬಾಗಿಲಾಯಿತು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಅಲ್ಲಿ ತೇರು ಎಳೆಯುತ್ತಾರೆ. ತೀರ ಈಚಿನದು 2009ರಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರ.

ಇವತ್ತು ಇನ್ನೂ ಕೆಲವು ಬಾಗಿಲುಗಳಿವೆ. 1980ರಲ್ಲಿ ವಿಶ್ವವಿದ್ಯಾಲಯ, 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದವು. ಪೀಠ 2013ರಲ್ಲಿ ಕಾಯಂ ಆಯಿತು. ಅದೇ ಹೊತ್ತಿಗೆ ಸಂವಿಧಾನದ 371(ಜೆ) ವಿಧಿ ಈ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ತಂದಿತು. 2024ರ ಡಿಸೆಂಬರಿನಲ್ಲಿ ತೆರೆದ ಜಯದೇವ ಹೃದ್ರೋಗ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆಯೂ 371. ಬಹಳ ಕಾಲ ಸೊಲ್ಲಾಪುರ, ಹೈದರಾಬಾದಿನ ದಾರಿ ಹಿಡಿಯುತ್ತಿದ್ದ ರೋಗಿಗಳ ಪಾಲಿಗೆ ಇದು ಸಣ್ಣ ಮಾತಲ್ಲ.

ಗಂಜಿನ ಲೆಕ್ಕ

ಊರಿನ ನಾಡಿ ಹಿಡಿಯಬೇಕಾದರೆ ಸುಗ್ಗಿಯ ದಿನಗಳಲ್ಲಿ ನೆಹರೂ ಗಂಜಿನ ಮಾರುಕಟ್ಟೆಗೆ ಹೋಗಿ. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯಲ್ಲಿ ಇಲ್ಲಿಗೆ ಬರುತ್ತದೆ. ಸುಣ್ಣದಂಶ ಹೆಚ್ಚಿರುವ ಕಪ್ಪುಮಣ್ಣು ಬೇಳೆಗೆ ರುಚಿ ಕೊಡುತ್ತದೆ, ಅದು ಬೇಗ ಬೇಯುತ್ತದೆ ಎನ್ನುವುದು ಇಲ್ಲಿನವರ ಹೆಮ್ಮೆ. 2019ರಲ್ಲಿ ಊರಿನ ಹಳೆಯ ಹೆಸರಿನಲ್ಲೇ ಗುಲಬರ್ಗಾ ತೊಗರಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಮಳೆ ಕೈಕೊಟ್ಟರೆ ಇಲ್ಲವೇ ಧಾರಣೆ ಬಿದ್ದರೆ ರೈತ ಮಾತ್ರವಲ್ಲ, ದಾಲ್ ಮಿಲ್ಲಿನವರು, ಹಮಾಲರು, ಕಪಡಾ ಬಜಾರಿನ ಅಂಗಡಿಯವರೂ ಕೈ ಬಿಗಿ ಹಿಡಿಯುತ್ತಾರೆ.

ಕಮಲಾಪುರದ ಕೆಂಪು

ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಹೋದರೆ ನೆಲದ ಬಣ್ಣ ಬದಲಾಗುತ್ತದೆ. ಗುಡ್ಡಗಳ ನಡುವಿನ ಕಮಲಾಪುರದ ತೋಟಗಳಲ್ಲಿ ಕೆಂಪು ಸಿಪ್ಪೆಯ, ಒಳಗೆ ಕೆನೆಬಣ್ಣದ ಬಾಳೆ ಬೆಳೆಯುತ್ತದೆ. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಅಷ್ಟು ದಿನ ನೀರು, ಗೊಬ್ಬರ, ಕಾವಲು. ದರ ಏರುವುದು ಅದಕ್ಕೇ, ಬೆಳೆಗಾರರು ವಿರಳವಾಗುವುದೂ ಅದಕ್ಕೇ. ಇದಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಹೊಸ ತಾಲ್ಲೂಕು ಕೇಂದ್ರವಾದ ಕಮಲಾಪುರದ ಬಳಿ, ಮರಗುತ್ತಿಯ ಗುಡ್ಡ ಕೊರೆದು ಮಾಡಿದ ಸುರಂಗದೊಳಗೆ 2017ರಿಂದ ಬೀದರ್ ರೈಲು ಓಡುತ್ತಿದೆ.

ತಟ್ಟೆಯಲ್ಲಿ

ಊಟಕ್ಕೆ ಕೂತರೆ ಖಡಕ್ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಮೊಸರು. ಸಂಜೆಗೆ ಸುಸಲಾ, ಮಿರ್ಚಿ. ದರ್ಗಾದ ಕಡೆಗೆ ತಹರಿ. ಜೋಳಕ್ಕೂ ದಖ್ಖನಿ ಮಸಾಲೆಗೂ ಇಲ್ಲಿ ಜಗಳವಿಲ್ಲ. ಒಂದೇ ಮನೆಯವರು ಎರಡನ್ನೂ ಉಣ್ಣುತ್ತಾರೆ.

ಮುಂದೇನು?

ಊರಿಗೆ ಬರಲು ಕಾರಣಗಳು ಬೇಕಾದಷ್ಟಿವೆ: ಹರಕೆ, ಕೋರ್ಟು, ಕಾಲೇಜು, ಆಸ್ಪತ್ರೆ, ಗಂಜು. ಕೊರತೆ ಇರುವುದು ಉಳಿಯುವ ಕಾರಣಗಳಲ್ಲಿ. ಇಲ್ಲಿ ಓದಿದ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದಿಗೆ ಹೊರಡುತ್ತಾರೆ. ಹಳ್ಳಿಯವರು ಬೇಸಿಗೆಯಲ್ಲಿ ದುಡಿಮೆಗೆ ಮುಂಬೈ ಹಿಡಿಯುತ್ತಾರೆ. ತೊಗರಿಯೂ ಬಾಳೆಯೂ ಹೆಸರು ಗಳಿಸಿದ್ದಾಯಿತು. ಆ ಹೆಸರಿನಿಂದ ಹುಟ್ಟುವ ಲಾಭ, ಕೂಲಿ, ಕಾರ್ಖಾನೆ ಇದೇ ನೆಲದಲ್ಲಿ ನಿಂತರೆ, ಆರು ಶತಮಾನದ ಹಿಂದೆ ಹೋದ ರಾಜಧಾನಿಗಾಗಿ ಕಲಬುರಗಿ ಕೊರಗಬೇಕಾಗಿಲ್ಲ.