ಮರಳಿ ಬಾರದ ಮಿಸ್ಟೇರ್

ಮಡಿಕೇರಿಯ ಒಂದು ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿದೆ. ಸೇನಾನಿಗಳ ಹೆಸರು ಹೊತ್ತ ರಸ್ತೆಗಳು, ವೃತ್ತಗಳು ಕೊಡಗಿನಲ್ಲಿ ಹೊಸತಲ್ಲ. ಕಾರ್ಯಪ್ಪ, ತಿಮ್ಮಯ್ಯ ಎಂದರೆ ಶಾಲೆಯ ಮಕ್ಕಳಿಗೂ ಗೊತ್ತು. ದೇವಯ್ಯನವರ ಸಂಗತಿ ಹಾಗಲ್ಲ. ಅವರು ಮಾಡಿದ್ದೇನು ಎಂಬುದು ಅವರು ಸತ್ತ ಬಳಿಕ ಹದಿನಾಲ್ಕು ವರ್ಷಗಳ ಕಾಲ ಅವರ ಸ್ವಂತ ಸ್ಕ್ವಾಡ್ರನ್ನಿಗೂ ತಿಳಿದಿರಲಿಲ್ಲ. ತಿಳಿದದ್ದು ಎದುರಾಳಿಯ ಕಡೆಯಿಂದ. ಅದಕ್ಕೆ ಕಾರಣ ಯಾರದೋ ಅಲಕ್ಷ್ಯವಲ್ಲ. ನೆಲದ ಗುರಿಗಳ ಮೇಲೆ ದಾಳಿ ಮಾಡುವ ವಿಮಾನಗಳ ಕೆಲಸದ ರೀತಿಯೇ ಅಂಥದ್ದು. ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಅರಿತರೆ 1965ರ ಸೆಪ್ಟೆಂಬರ್ 7ರ ಬೆಳಗಿನ ಕಥೆ ತಾನಾಗಿ ಅರ್ಥವಾಗುತ್ತದೆ.

ಕಾದಾಟವಲ್ಲ, ದಾಳಿ

ಯುದ್ಧವಿಮಾನ ಎಂದೊಡನೆ ಎರಡು ವಿಮಾನಗಳು ಆಕಾಶದಲ್ಲಿ ಸುತ್ತು ಹಾಕುತ್ತ ಒಂದನ್ನೊಂದು ಅಟ್ಟುವ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಆದರೆ ಯುದ್ಧಕಾಲದಲ್ಲಿ ಇವುಗಳ ದೊಡ್ಡ ಪಾಲು ದುಡಿಮೆ ಬೇರೆಯೇ. ಶತ್ರುವಿನ ಟ್ಯಾಂಕು, ಸೇತುವೆ, ರೈಲು, ವಿಮಾನ ನೆಲೆಗಳನ್ನು ಹುಡುಕಿ ಹೊಡೆದು ಮರಳುವುದು ಅವುಗಳ ಕೆಲಸ. ಕಾದಾಟಕ್ಕೂ ಬಾಂಬ್ ದಾಳಿಗೂ ಒದಗುವ ಇಂಥ ವಿಮಾನವನ್ನು ಫೈಟರ್ ಬಾಂಬರ್ ಎನ್ನುತ್ತಾರೆ. ಐವತ್ತರ ದಶಕದ ಕೊನೆಯಲ್ಲಿ ಭಾರತ ಫ್ರಾನ್ಸಿನ ಡಸಾಲ್ಟ್ ಕಂಪನಿಯಿಂದ ನೂರಕ್ಕೂ ಹೆಚ್ಚು ಮಿಸ್ಟೇರ್ ವಿಮಾನಗಳನ್ನು ಕೊಂಡಿತ್ತು. ಒಂದೇ ಎಂಜಿನ್, ಒಬ್ಬನೇ ಪೈಲಟ್, ಮೂತಿಯ ಕೆಳಗೆ 30 ಮಿಲಿಮೀಟರಿನ ಎರಡು ಫಿರಂಗಿಗಳು. ರೆಕ್ಕೆಗಳ ಕೆಳಗೆ ರಾಕೆಟ್ಟು, ಬಾಂಬು ಅಥವಾ ಹೆಚ್ಚುವರಿ ಇಂಧನದ ಟ್ಯಾಂಕುಗಳನ್ನು ತೂಗುಹಾಕಬಹುದಿತ್ತು.

ಇಂಥ ದಾಳಿಗೆ ಹೊರಟ ವಿಮಾನ ಮರದ ತುದಿಗೆ ತಾಗುವಷ್ಟು ಕೆಳಗೆ ಹಾರುತ್ತದೆ. ರಾಡಾರಿನ ಅಲೆ ನೇರವಾಗಿ ಸಾಗುತ್ತದೆ. ಭೂಮಿಯ ಮೈ ಬಾಗಿರುವುದರಿಂದ, ನೆಲಕ್ಕೆ ಅಂಟಿಕೊಂಡು ಬರುವ ವಿಮಾನ ತೀರ ಹತ್ತಿರ ಬರುವವರೆಗೂ ಅದರ ಕಣ್ಣಿಗೆ ಬೀಳುವುದಿಲ್ಲ. ಆದರೆ ಈ ರಕ್ಷಣೆಗೆ ತೆರುವ ಬೆಲೆಯೂ ಇದೆ. ಕೆಳಗಿನ ಗಾಳಿ ದಟ್ಟ. ಅದನ್ನು ಸೀಳಿಕೊಂಡು ಹೋಗುವ ಜೆಟ್ ವಿಮಾನ ಎತ್ತರದಲ್ಲಿ ಹಾರುವಾಗಿಗಿಂತ ಬಹಳ ಹೆಚ್ಚು ಇಂಧನ ಕುಡಿಯುತ್ತದೆ. ಹೀಗಾಗಿ ದಾಳಿಗೆ ಹೋಗುವ ಪೈಲಟ್‌ನ ಲೆಕ್ಕವೆಲ್ಲ ಇಂಧನದ ಲೆಕ್ಕ. ಹೋಗಲು ಇಷ್ಟು, ಬರಲು ಇಷ್ಟು, ಗುರಿಯ ಮೇಲೆ ಕಳೆಯಲು ಕೆಲವೇ ನಿಮಿಷಗಳಷ್ಟು. ಶತ್ರುವಿನ ವಿಮಾನ ಎದುರಾದರೆ ನಿಂತು ಕಾದಾಡಲು ಉಳಿಯುವುದು ಅತ್ಯಲ್ಪ. ಕಾದಾಟದಲ್ಲಿ ಗೆದ್ದರೂ ಮನೆ ಮುಟ್ಟುವುದು ಅನುಮಾನ. ಆದ್ದರಿಂದಲೇ ಹೊಡೆದ ಕೂಡಲೇ ಬೆನ್ನು ತಿರುಗಿಸಿ ನೆಲಮಟ್ಟದಲ್ಲೇ ಹಿಂದಿರುಗುವುದು ವಾಡಿಕೆ. ಅದು ಹೇಡಿತನವಲ್ಲ, ಕೆಲಸದ ಶಿಸ್ತು.

ಹಿಂದಿನ ದಿನ

1965ರ ಸೆಪ್ಟೆಂಬರ್ 6ರ ಬೆಳಿಗ್ಗೆ ಭಾರತದ ಸೇನೆ ಲಾಹೋರಿನ ಕಡೆಗೆ ಗಡಿ ದಾಟಿತು. ಅಂದು ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ವಾಯುನೆಲೆಯ ಮೇಲೆರಗಿ, ನೆಲದ ಮೇಲೆ ನಿಂತಿದ್ದ ಸುಮಾರು ಹತ್ತು ವಿಮಾನಗಳನ್ನು ಸುಟ್ಟುಹಾಕಿದವು. ಆಗಷ್ಟೇ ವಾಯುಪಡೆಗೆ ಬಂದಿದ್ದ ಎರಡು ಮಿಗ್-21 ವಿಮಾನಗಳೂ ಅವುಗಳಲ್ಲಿ ಸೇರಿದ್ದವು. ರಾತ್ರಿ ಪಠಾಣ್‌ಕೋಟ್, ಆದಂಪುರ, ಹಲ್ವಾರಾ ನೆಲೆಗಳ ಸುತ್ತ ಪಾಕಿಸ್ತಾನಿ ಕಮಾಂಡೋಗಳು ಪ್ಯಾರಾಚೂಟಿನಲ್ಲಿ ಇಳಿದರು. ನಿದ್ದೆಯಿಲ್ಲದ ಆ ರಾತ್ರಿಯಲ್ಲೇ ಮರುದಿನ ಬೆಳಗಿನ ಉತ್ತರ ಸಿದ್ಧವಾಗುತ್ತಿತ್ತು.

ಗುರಿ ಸರ್ಗೋಧಾ. ಅದು ಪಾಕಿಸ್ತಾನಿ ವಾಯುಪಡೆಯ ಅತಿ ಮುಖ್ಯ ನೆಲೆ. ಸುತ್ತಲೂ ಭಗ್ತಾನ್‌ವಾಲಾದಂಥ ಉಪನೆಲೆಗಳು, ಸಮೀಪದ ಸಕೇಸರ್ ಬೆಟ್ಟದ ಮೇಲೆ ರಾಡಾರ್. ಜಲಂಧರದ ಬಳಿಯ ಆದಂಪುರದಿಂದ ಅಲ್ಲಿಗೆ ಸುಮಾರು 300 ಕಿಲೋಮೀಟರ್. ಕೆಳಮಟ್ಟದಲ್ಲಿ ಹಾರುವ ಮಿಸ್ಟೇರ್‌ಗೆ ಇದು ಇಂಧನದ ಅಂಚಿನ ದೂರ.

ಕೆಲಸ ಬಿದ್ದದ್ದು ಒಂದನೇ ನಂಬರಿನ ಸ್ಕ್ವಾಡ್ರನ್ನಿಗೆ. ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಇದು. 1933ರ ಏಪ್ರಿಲ್ 1ರಂದು ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಇದು ಹುಟ್ಟಿದ್ದು ಕರಾಚಿಯಲ್ಲಿ. ಆ ಕರಾಚಿ ಈಗ ಎದುರಾಳಿಯ ದೇಶದಲ್ಲಿತ್ತು. 1965ರಲ್ಲಿ ಇದರ ಮುಖ್ಯಸ್ಥರಾಗಿದ್ದವರು ವಿಂಗ್ ಕಮಾಂಡರ್ ಓ.ಪಿ. ತನೇಜಾ.

ದೇವಯ್ಯ ಈ ಸ್ಕ್ವಾಡ್ರನ್ನಿಗೆ ಹೊಸಬರು. 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಹುಟ್ಟಿದ ಅವರು 1954ರಲ್ಲಿ ವಾಯುಪಡೆ ಸೇರಿದರು. ಯುದ್ಧ ಬಂದಾಗ ಅವರು ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಬೋಧಕರು. ಯುದ್ಧದ ತುರ್ತಿಗೆ ಅವರನ್ನು ಒಂದನೇ ಸ್ಕ್ವಾಡ್ರನ್ನಿಗೆ ಕಳಿಸಲಾಗಿತ್ತು. ಆ ಬೆಳಗಿನ ಪಟ್ಟಿಯಲ್ಲಿ ಮೊದಲ ಹನ್ನೆರಡು ಹೆಸರುಗಳಲ್ಲಿ ಅವರದಿರಲಿಲ್ಲ. ಹನ್ನೆರಡರಲ್ಲಿ ಯಾವುದಾದರೂ ವಿಮಾನ ಕೈಕೊಟ್ಟರೆ ಅದರ ಜಾಗ ತುಂಬಬೇಕಾದ ಮೀಸಲು ಪೈಲಟ್ ಅವರು.

ಸೆಪ್ಟೆಂಬರ್ 7

ಬೆಳಗಿನ ಐದೂವರೆಯ ಹೊತ್ತು. ಇನ್ನೂ ಕತ್ತಲು. ರೇಡಿಯೊ ಬಳಸುವಂತಿಲ್ಲ. ಮಿಸ್ಟೇರ್‌ನಲ್ಲಿ ದಾರಿ ತೋರುವ ರಾಡಾರ್ ಇರಲಿಲ್ಲ. ದಿಕ್ಸೂಚಿ, ಕೈಗಡಿಯಾರ, ಮಡಿಸಿದ ನಕ್ಷೆ, ಇಷ್ಟರಲ್ಲೇ ದಾರಿ ಹುಡುಕಬೇಕು. ಇಷ್ಟು ವೇಗಕ್ಕೆ ಇಷ್ಟು ನಿಮಿಷವಾದರೆ ಇಂಥ ನದಿ ಬರಬೇಕು ಎಂಬ ಲೆಕ್ಕವೇ ಆಧಾರ. ಗುರಿ ಹತ್ತಿರವಾದಾಗ ಪೈಲಟ್ ಒಮ್ಮೆಲೇ ಮೂತಿ ಎತ್ತಿ ಮೇಲೇರಬೇಕು, ಗುರಿಯನ್ನು ಗುರುತಿಸಬೇಕು, ಕೆಳಗೆ ಧುಮುಕುತ್ತ ಹೊಡೆಯಬೇಕು. ಇಡೀ ಪ್ರಯಾಣದಲ್ಲಿ ವಿಮಾನ ಎಲ್ಲರ ಕಣ್ಣಿಗೆ ಬೀಳುವ ಹೊತ್ತು ಇದೊಂದೇ. ಅಪಾಯವೆಲ್ಲ ಅಲ್ಲಿ ಗುಡ್ಡೆಬಿದ್ದಿರುತ್ತದೆ.

ಆರು ಗಂಟೆಗೆ ಸ್ವಲ್ಪ ಮುಂಚೆ ತನೇಜಾ ಅವರ ತಂಡ ಸರ್ಗೋಧಾ ತಲುಪಿತು. ಮೀಸಲಿನಲ್ಲಿದ್ದ ದೇವಯ್ಯನವರೂ ದಾಳಿಯ ಜೊತೆ ಗಡಿ ದಾಟಿದ್ದರು. ಹೊಡೆದ ವಿಮಾನಗಳು ಒಂದೊಂದಾಗಿ ಪೂರ್ವಕ್ಕೆ ತಿರುಗಿ ನೆಲಮಟ್ಟಕ್ಕೆ ಇಳಿದವು. ಆದಂಪುರದಲ್ಲಿ ಬಂದವುಗಳನ್ನು ಎಣಿಸಿದಾಗ ಒಂದು ಕಡಿಮೆಯಿತ್ತು. ದೇವಯ್ಯ ಬಂದಿರಲಿಲ್ಲ.

ಹಿಂದೆ ತಿರುಗಿ ನೋಡಿದವರು ಯಾರೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ತಾಗುವಂತೆ ಹಾರುವವನ ಕಣ್ಣು ಮುಂದಿನ ಮರದ ಮೇಲೂ ಇಂಧನದ ಮುಳ್ಳಿನ ಮೇಲೂ ಇರಬೇಕು. ರೇಡಿಯೊ ಮೌನವಾಗಿತ್ತು. ಗುಂಡು ತಗುಲಿತೋ, ದಾರಿ ತಪ್ಪಿತೋ, ಇಂಧನ ಮುಗಿಯಿತೋ, ಹೇಳುವವರಿಲ್ಲ.

ಕಾಯುತ್ತ ಕೂರಲು ದಿನವೂ ಬಿಡುವು ಕೊಡಲಿಲ್ಲ. ಹಲ್ವಾರಾದಿಂದ ಹಂಟರ್ ವಿಮಾನಗಳ ಎರಡು ಸ್ಕ್ವಾಡ್ರನ್ನುಗಳು ಅದೇ ಗುರಿಗೆ ಹೊರಟವು. ಹೊತ್ತೇರಿದ ಮೇಲೆ ಸ್ಕ್ವಾಡ್ರನ್ ಲೀಡರ್ ಸುದರ್ಶನ್ ಹಂಡಾ ಅವರ ಮುಂದಾಳತ್ವದಲ್ಲಿ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳು ಮತ್ತೆ ಸರ್ಗೋಧಾಕ್ಕೆ ಹೋಗಿ, ನೆಲದ ಮೇಲಿನ ವಿಮಾನಗಳನ್ನು ಹೊಡೆದ ವರದಿಯೊಂದಿಗೆ ಮರಳಿದವು. ಮಧ್ಯಾಹ್ನ ಮೂರನೆಯ ಬಾರಿ ಹೋದಾಗ ಫ್ಲೈಟ್ ಲೆಫ್ಟಿನೆಂಟ್ ಗುಹಾ ಹಿಂದಿರುಗಲಿಲ್ಲ. ಸರ್ಗೋಧಾದ ಮೇಲಿನ ಆ ಒಂದು ದಿನದ ದಾಳಿಗಳಲ್ಲಿ ಭಾರತ ಎರಡು ಮಿಸ್ಟೇರ್, ಮೂರು ಹಂಟರ್‌ಗಳನ್ನು ಕಳೆದುಕೊಂಡಿತು. ಯಾರು ಎಷ್ಟು ವಿಮಾನ ಕೆಡವಿದರು ಎಂಬ ವಿಷಯದಲ್ಲಿ ಎರಡೂ ದೇಶಗಳ ಲೆಕ್ಕಗಳು ಇಂದಿಗೂ ತಾಳೆಯಾಗುವುದಿಲ್ಲ.

ದೇವಯ್ಯನವರನ್ನು ಮೊದಲು 'ಕಾಣೆಯಾದವರು' ಎಂದೂ ಬಳಿಕ ಮೃತರೆಂದೂ ದಾಖಲಿಸಲಾಯಿತು. ಹೆಂಡತಿ, ಮಕ್ಕಳಿಗೆ ಉಳಿದದ್ದು ಅಷ್ಟೇ.

ಎದುರು ಕಡೆಯ ಪುಟ

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 'ಬ್ಯಾಟಲ್ ಫಾರ್ ಪಾಕಿಸ್ತಾನ್' ಎಂಬ ಪುಸ್ತಕ ಪ್ರಕಟಿಸಿದರು. ಪಾಕಿಸ್ತಾನಿ ವಾಯುಪಡೆಯ ನೆರವಿನಿಂದ, ಅದರ ಕಡೆಯಿಂದ ಬರೆದ ಪುಸ್ತಕವದು. ಅದರಲ್ಲಿ ಸೆಪ್ಟೆಂಬರ್ 7ರ ಬೆಳಗಿನ ಒಂದು ಕಾದಾಟದ ವಿವರವಿತ್ತು. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್ ವಿಮಾನದಲ್ಲಿ ಹಿಂದಿರುಗುತ್ತಿದ್ದ ಮಿಸ್ಟೇರ್‌ಗಳನ್ನು ಅಟ್ಟಿ ಬಂದರು. ಒಂದು ಮಿಸ್ಟೇರ್‌ಗೆ ಅವರ ಗುಂಡು ತಗುಲಿತು. ಆದರೂ ಆ ಮಿಸ್ಟೇರ್ ಓಡಲಿಲ್ಲ. ತಿರುಗಿಬಿದ್ದು ಸ್ಟಾರ್‌ಫೈಟರ್‌ಗೆ ಗುಂಡು ಹೊಡೆಯಿತು. ಅಮ್ಜದ್ ವಿಮಾನದಿಂದ ಹೊರಗೆ ಹಾರಿ ಪ್ಯಾರಾಚೂಟಿನಲ್ಲಿ ಬದುಕಿಕೊಂಡರು.

ವಿಮಾನಗಳನ್ನು ಬಲ್ಲವರು ಇದನ್ನೋದಿ ಬೆರಗಾದದ್ದು ಸಹಜ. ಅಮೆರಿಕ ಕೊಟ್ಟಿದ್ದ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಮಿಸ್ಟೇರ್ ಸಮತಟ್ಟಾಗಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟದು. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಆದರೆ ಸ್ಟಾರ್‌ಫೈಟರ್‌ನ ರೆಕ್ಕೆಗಳು ಮೋಟು. ನೇರ ಓಟಕ್ಕೆಂದು ಮಾಡಿದ ಆ ವಿಮಾನ ನಿಧಾನಿಸಿ, ತಗ್ಗಿನಲ್ಲಿ, ಇಕ್ಕಟ್ಟಾದ ತಿರುವು ತೆಗೆದುಕೊಳ್ಳುವ ಕಾದಾಟಕ್ಕೆ ಇಳಿದರೆ ಅದರ ಮೇಲುಗೈ ಕರಗಿಹೋಗುತ್ತದೆ. ಹಾಗೆ ತಿರುಗಿ ನಿಲ್ಲುವ ಆಯ್ಕೆ ಮಿಸ್ಟೇರ್‌ನ ಪೈಲಟ್‌ಗಿತ್ತು. ಆದರೆ ಹಾಗೆ ಮಾಡಿದರೆ ಮನೆಗೆ ಮರಳಲು ಇಂಧನ ಉಳಿಯುವುದು ಕಷ್ಟ. ಅದು ವರ್ಷಗಟ್ಟಲೆ ಇತರರಿಗೆ ಹಾರಾಟ ಕಲಿಸಿದವರಿಗೆ ತಿಳಿಯದ ಲೆಕ್ಕವಲ್ಲ.

ಆ ಪೈಲಟ್ ಯಾರು? ಪುಸ್ತಕ ಹೆಸರು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಮುಂಜಾನೆ ಸರ್ಗೋಧಾದಿಂದ ಆದಂಪುರಕ್ಕೆ ಮರಳದ ಮಿಸ್ಟೇರ್ ಒಂದೇ ಒಂದು. ಪಾಕಿಸ್ತಾನದ ಪುಸ್ತಕದ ಒಂದು ಸಾಲು, ಭಾರತದ ದಾಖಲೆಯ ಒಂದು ಖಾಲಿ ಜಾಗ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಉತ್ತರ ಸಿಕ್ಕಿತು. ತನೇಜಾ ಸೇರಿದಂತೆ ಹಳೆಯ ಸಂಗಡಿಗರು ವಿಷಯವನ್ನು ವಾಯುಪಡೆಯ ಕೇಂದ್ರ ಕಚೇರಿಯ ಗಮನಕ್ಕೆ ತಂದರು. 1988ರಲ್ಲಿ, ಅಂದರೆ ಘಟನೆ ನಡೆದು 23 ವರ್ಷಗಳಾದ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಅದನ್ನು ಸ್ವೀಕರಿಸಿದವರು ಪತ್ನಿ ಸುಂದರಿ ದೇವಯ್ಯ.

ಇನ್ನೊಂದು ಮನೆ

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಂದು ಮನೆಗೆ ಸುದ್ದಿ ಬಂದ ಬಗೆ ಬೇರೆ. ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ನೆಲದ ಗುರಿಗಳ ಮೇಲೆ ದಾಳಿಗೆ ಹೋಗಿದ್ದ ಒಂದು ಹಂಟರ್‌ಗೆ ಕೆಳಗಿನಿಂದ ಗುಂಡು ತಗುಲಿತು. ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಸೆರೆಸಿಕ್ಕರು. ಅವರು ಜನರಲ್ ಕಾರ್ಯಪ್ಪನವರ ಮಗ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಭಾರತದ ಸೇನೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗ ಸುರಕ್ಷಿತ ಎಂಬ ಸುದ್ದಿ ಬೇಗನೆ ತಂದೆಗೆ ತಲುಪಿತು, ಬಿಡುಗಡೆಯ ಮಾತೂ ಬಂತು. ಸೆರೆಸಿಕ್ಕ ಎಲ್ಲ ಯೋಧರೂ ತನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಎಂದು ಮಡಿಕೇರಿಯ ಆ ಹಿರಿಯರು ಒಪ್ಪಲಿಲ್ಲ. 1966ರ ಆರಂಭದಲ್ಲಿ ಮಗ ಮನೆಗೆ ಬಂದರು, ಮುಂದೆ ಏರ್ ಮಾರ್ಷಲ್ ಹುದ್ದೆಗೇರಿದರು.

ಒಂದು ಮನೆಗೆ ವಾರ್ತೆ ಬೇಗ ಬಂತು. ಇನ್ನೊಂದು ಮನೆ ವರ್ಷಗಟ್ಟಲೆ ಕಾಯಿತು. ಇಬ್ಬರೂ ಹೋಗಿದ್ದುದು ಒಂದೇ ಬಗೆಯ ಕೆಲಸಕ್ಕೆ.

ಅಮ್ಜದ್ ಹುಸೇನ್ 1965ರ ಬಳಿಕವೂ ಹಾರಿದರು. 1971ರ ಯುದ್ಧದಲ್ಲಿ ಅಮೃತಸರದ ರಾಡಾರ್ ಮೇಲೆ ದಾಳಿಗೆ ಬಂದಾಗ ಭಾರತದ ವಿಮಾನ ನಿರೋಧಕ ಫಿರಂಗಿಗಳು ಅವರ ಸ್ಟಾರ್‌ಫೈಟರನ್ನು ಕೆಡವಿದವು. ಅವರು ಯುದ್ಧಕೈದಿಯಾಗಿ ಭಾರತದಲ್ಲಿದ್ದರು. ಸರ್ಗೋಧಾದ ಆ ಬೆಳಗನ್ನು ಕಣ್ಣಾರೆ ಕಂಡ ವ್ಯಕ್ತಿ ನಮ್ಮ ನೆಲದಲ್ಲೇ ಇದ್ದರೂ, ಕೇಳಬೇಕಾದ ಪ್ರಶ್ನೆಯೊಂದಿದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ.

2025ರಲ್ಲಿ ಈ ಘಟನೆಯಿಂದ ಪ್ರೇರಿತವಾದ 'ಸ್ಕೈ ಫೋರ್ಸ್' ಎಂಬ ಹಿಂದಿ ಚಿತ್ರ ಬಂತು. ಚಿತ್ರ ನೋಡಿದವರು ನೆನಪಿಡಬೇಕಾದ ಮಾತು ಒಂದಿದೆ. ಯುದ್ಧದ ಚರಿತ್ರೆಯನ್ನು ಬಹುಮಟ್ಟಿಗೆ ಬರೆಯುವುದು ಮರಳಿ ಬಂದವರ ವರದಿಗಳಿಂದ. ಬಾರದವರ ಪಾಲಿನ ಸತ್ಯ ಎಷ್ಟೋ ಸಲ ಎದುರಾಳಿಯ ಕಡತದಲ್ಲಿ ಉಳಿದುಬಿಡುತ್ತದೆ. ಅದನ್ನು ಎದುರಾಳಿ ಮುಚ್ಚಿಡದೆ ಬರೆದಾಗ, ನಮ್ಮವರು ಬಿಡದೆ ಓದಿದಾಗ, ಮಡಿಕೇರಿಯ ಒಂದು ವೃತ್ತಕ್ಕೆ ಹೆಸರು ಸಿಗುತ್ತದೆ.